ಮುಯ್ಯಾಳುಗಳ ರಂಗಮಂದಿರ

ಮಲೆನಾಡಿನಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ. ಇವತ್ತು ನಿಮ್ಮ ಗದ್ದೆಯ ನೆಟ್ಟಿಗೆ ನಮ್ಮ ಮನೆಯವರು ಬಂದರೆ, ನಾಳೆ ನಮ್ಮ ನೆಟ್ಟಿಗೆ ನಿಮ್ಮ ಮನೆಯವರು. ಇಲ್ಲಿ ದುಡ್ಡು ಕೈ ಬದಲಾಗುವುದಿಲ್ಲ, ಆದರೆ ಯಾರ ಮನೆಗೆ ಯಾರು ಎಷ್ಟು ಆಳು ಬಾಕಿ ಎಂಬುದು ಊರಿಗೆಲ್ಲ ನೆನಪಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಹೆಗ್ಗೋಡಿನ ನೀನಾಸಮ್ ಮತ್ತು ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರ ವಿಷಯ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವ ಪದ ಇದೇ.

ಸಾಗರ ಪೇಟೆಯಿಂದ ಹತ್ತು ಕಿಲೋಮೀಟರಿನ ಒಳಗೇ ಹೆಗ್ಗೋಡು ಸಿಗುತ್ತದೆ. ಬಸ್ಸಿಳಿದರೆ ನಾಲ್ಕಾರು ಅಂಗಡಿ, ಒಂದಿಷ್ಟು ಮನೆ. ಉಳಿದ ಊರೆಲ್ಲ ಅಡಿಕೆ ತೋಟದ ಅಂಚಿನಲ್ಲಿ ಚದುರಿಕೊಂಡಿದೆ. ಇಂಥ ಕಡೆ 1949ರಲ್ಲಿ ಊರಿನ ಹುಡುಗರು ಸೇರಿ ನಾಟಕದ ಸಂಘವೊಂದನ್ನು ಕಟ್ಟಿದರು. ಅದರ ಪೂರ್ತಿ ಹೆಸರು ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ. ನೀನಾಸಮ್ ಎಂಬುದು ಆ ಹೆಸರಿನ ಮೊದಲಕ್ಷರಗಳಿಂದ ಆದದ್ದು. 1932ರ ಫೆಬ್ರವರಿ 20ರಂದು ಹುಟ್ಟಿದ ಸುಬ್ಬಣ್ಣನವರಿಗೆ ಆಗ ಹದಿನೇಳು ವರ್ಷ. ಸಂಘದ ಹೆಸರಿನಲ್ಲಿರುವ ‘ಸೇವಾ’ ಎಂಬ ಮಾತನ್ನು ಈಗ ನಾವು ಗಮನಿಸದೆ ದಾಟಿಹೋಗುತ್ತೇವೆ. ನನ್ನ ಮಟ್ಟಿಗೆ ಸುಬ್ಬಣ್ಣನವರ ಬದುಕೆಲ್ಲ ಆ ಒಂದು ಮಾತಿಗೆ ಬರೆದ ಅರ್ಥವಿವರಣೆ.

ಮುಂದೆ ಅವರು ಮೈಸೂರಿನ ಮಹಾರಾಜ ಕಾಲೇಜಿಗೆ ಓದಲು ಹೋದರು. ಅಲ್ಲಿ ಪಾಠ ಹೇಳುತ್ತಿದ್ದವರು ಕುವೆಂಪು, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರು. ಮೈಸೂರಿನಲ್ಲಿ ಓದಿದ ಮಲೆನಾಡಿನ ಬುದ್ಧಿವಂತ ಹುಡುಗರು ಸಾಮಾನ್ಯವಾಗಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನಿಂತುಬಿಡುತ್ತಿದ್ದ ಕಾಲ ಅದು. ಸುಬ್ಬಣ್ಣ ಊರಿಗೆ ಬಂದರು. ತೋಟ ನೋಡಿಕೊಂಡರು, ಸಂಸಾರ ಹೂಡಿದರು, ಊರಿನವರ ಜೊತೆ ನಾಟಕ ಮಾಡಿದರು. ಅಕ್ಷರ ಪ್ರಕಾಶನವೆಂಬ ಪುಸ್ತಕದ ಮನೆಯನ್ನೂ ಆ ತೋಟದ ಊರಿನಿಂದಲೇ ನಡೆಸಿದರು. ಅವರದೇ ವಯಸ್ಸಿನ, ತೀರ್ಥಹಳ್ಳಿಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ಪುಸ್ತಕಗಳನ್ನು ನಾಡು ಓದಿದ್ದು ಈ ಪ್ರಕಾಶನದ ಮೂಲಕವೂ ಹೌದು. ಮಗನಿಗೆ ಇಟ್ಟ ಹೆಸರೂ ಅಕ್ಷರ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲೂ ಇಂಗ್ಲೆಂಡಿನ ಲೀಡ್ಸ್‌ನಲ್ಲೂ ರಂಗಭೂಮಿಯನ್ನು ಓದಿದ ಕೆ.ವಿ. ಅಕ್ಷರ ಕೂಡ ಅಪ್ಪನ ಹಾಗೆಯೇ ಹೆಗ್ಗೋಡಿಗೆ ಹಿಂತಿರುಗಿದರು.

ಊರ ಕೆಲಸಕ್ಕೆ ಇಳಿದವನು ಮನೆ ಮರೆತ ಎಂಬ ದೂರು ನಮ್ಮಲ್ಲಿ ಹಳೆಯದು. ಸುಬ್ಬಣ್ಣನವರಲ್ಲಿ ಮನೆ ಮತ್ತು ಊರಿನ ನಡುವೆ ಅಂಥ ಬೇಲಿ ಇದ್ದಂತೆ ಕಾಣುವುದಿಲ್ಲ. ನಾಟಕದ ನೆಂಟರು ಮನೆಯ ನೆಂಟರೂ ಆಗುತ್ತಿದ್ದರು. ಹಾಗೆ ಬಂದವರಿಗೆಲ್ಲ ಅನ್ನ ಬಡಿಸಿದ ಹೆಣ್ಣುಮಕ್ಕಳ ಹೆಸರು ಯಾವ ನಾಟಕದ ಕರಪತ್ರದಲ್ಲೂ ಅಚ್ಚಾಗಿರಲಾರದು. ನೀನಾಸಮ್‌ನ ಅಡಿಪಾಯದಲ್ಲಿ ಅವರ ಒಲೆಯ ಬೂದಿಯೂ ಇದೆ ಎಂದು ಇಲ್ಲಿ ಹೇಳಲೇಬೇಕು.

1972ರಲ್ಲಿ ಹೆಗ್ಗೋಡಿನಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು. ಮರುವರ್ಷವೇ ನೀನಾಸಮ್ ಚಿತ್ರಸಮಾಜ ಶುರುವಾಯಿತು. ಈ ಚಿತ್ರಸಮಾಜದ ಬಗ್ಗೆ ತುಸು ನಿಂತು ಹೇಳಬೇಕು, ಏಕೆಂದರೆ ಸುಬ್ಬಣ್ಣನವರ ಧೈರ್ಯ ಎಂಥದ್ದೆಂದು ನನಗೆ ಗೊತ್ತಾದದ್ದು ಇಲ್ಲಿಯೇ. ಜಗತ್ತಿನ ದೊಡ್ಡ ಸಿನಿಮಾಗಳನ್ನು ನಗರದ ಫಿಲ್ಮ್ ಸೊಸೈಟಿಗಳಲ್ಲಿ ಆಯ್ದ ಕೆಲವರು ನೋಡುತ್ತಿದ್ದ ದಿನಗಳವು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’, ಕುರೊಸಾವಾನ ‘ರಾಶೋಮನ್’, ಡಿ ಸಿಕಾನ ‘ಬೈಸಿಕಲ್ ಥೀವ್ಸ್’ ಇಂಥವನ್ನು ಸುಬ್ಬಣ್ಣ ಹಳ್ಳಿಗೆ ತಂದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಹೆಗ್ಗೋಡಿಗೇ ಬಂದು ಸಿನಿಮಾ ನೋಡುವುದು ಹೇಗೆಂಬ ಪಾಠ ಮಾಡಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾದೀತೇ ಎಂಬ ಅನುಮಾನ ಸುಬ್ಬಣ್ಣನವರನ್ನು ಕಾಡಲಿಲ್ಲ. ಬೆಳಗಾಗುವ ತನಕ ತಾಳಮದ್ದಲೆಯಲ್ಲಿ ಕೃಷ್ಣ-ಕರ್ಣರ ವಾದವನ್ನು ಕೂತು ಕೇಳುವ ಜನರಿಗೆ ‘ರಾಶೋಮನ್’ನ ನಾಲ್ಕು ಸಾಕ್ಷಿಗಳ ನಾಲ್ಕು ಕತೆ ಹೊಸದಾಗಿ ಕಂಡೀತೇ ಹೊರತು ಕಷ್ಟವಾಗಲಾರದು ಎಂದು ನನಗೂ ಅನಿಸುತ್ತದೆ.

1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ನಾಡಿನ ಬೇರೆ ಬೇರೆ ಮೂಲೆಗಳ ಹುಡುಗ-ಹುಡುಗಿಯರು ಒಂದು ವರ್ಷ ಇಲ್ಲಿದ್ದು ಅಭಿನಯದ ಜೊತೆಗೆ ರಂಗಸಜ್ಜಿಕೆ, ಬೆಳಕು, ಪ್ರಸಾಧನವನ್ನೂ ಕಲಿಯುತ್ತಾರೆ. ಹೀಗೆ ಕಲಿತವರ ತಂಡವೇ ತಿರುಗಾಟ. ಮಳೆಗಾಲದಲ್ಲಿ ತಾಲೀಮು ನಡೆಯುತ್ತದೆ. ಮಳೆ ಹಿಂದೆ ಸರಿದು, ಅಡಿಕೆಯ ಕೊನೆ ಕೊಯ್ಲು ಹತ್ತಿರವಾಗುವ ಹೊತ್ತಿಗೆ ವಾಹನ ಹೊರಡುತ್ತದೆ. ರಾಜನ ಪಾತ್ರ ಮಾಡುವವನೇ ಸಾಮಾನು ಇಳಿಸುತ್ತಾನೆ, ರಾಣಿಯೇ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಕರೆಸಿಕೊಂಡ ಊರಿನವರು ಊಟ-ವಸತಿ ನೋಡಿಕೊಂಡು ಟಿಕೆಟ್ಟು ಹಂಚುತ್ತಾರೆ. ಮುಯ್ಯಾಳು ಇಲ್ಲಿ ಜಿಲ್ಲೆಯ ಗಡಿ ದಾಟಿತು. ಯಲ್ಲಾಪುರ ಸೀಮೆಯ ಮಂಚೀಕೇರಿಯಲ್ಲಿ ಸಿದ್ದಿ ಸಮುದಾಯದವರ ಜೊತೆ ನಿರ್ದೇಶಕ ಚಿದಂಬರರಾವ್ ಜಂಬೆ ‘ಕಪ್ಪು ಜನ ಕೆಂಪು ನೆರಳು’ ನಾಟಕ ಆಡಿಸಿದ್ದೂ ಈ ಹುರುಪಿನಲ್ಲೇ. ನೈಜೀರಿಯಾದ ಅಚೆಬೆಯ ಕಾದಂಬರಿಯನ್ನು, ಆಫ್ರಿಕಾದ ಮೂಲದವರೇ ಆದ ಕನ್ನಡನಾಡಿನ ಸಿದ್ದಿಯರು ರಂಗದ ಮೇಲೆ ತಂದರು.

1991ರಲ್ಲಿ ಸುಬ್ಬಣ್ಣನವರಿಗೆ ರೇಮನ್ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ಸಿಕ್ಕಿತು. ಸಾವಿರ ವರ್ಷಕ್ಕೂ ಹಿಂದಿನ ‘ಕವಿರಾಜಮಾರ್ಗ’ ಗ್ರಂಥದಲ್ಲಿ ಸುಬ್ಬಣ್ಣ ಹುಡುಕಿದ್ದು, ಕನ್ನಡದಂಥ ನೆಲದ ನುಡಿಯೊಂದು ಸಂಸ್ಕೃತದಂಥ ದೊಡ್ಡ ನುಡಿಯ ಎದುರು ಕುಗ್ಗದೆ, ಅದನ್ನು ದೂರವೂ ಇಡದೆ ತನ್ನ ಜಾಗ ಮಾಡಿಕೊಂಡ ಬಗೆಯನ್ನು. ಅವರು ಹೆಗ್ಗೋಡಿನಲ್ಲಿ ಮಾಡುತ್ತಿದ್ದ ಕೆಲಸವನ್ನು ತಿಳಿಯಬೇಕಾದರೆ ಅವರ ಆ ಪುಸ್ತಕವನ್ನು ಓದಬೇಕು. ಪುಸ್ತಕ ತಿಳಿಯಬೇಕಾದರೆ ನೀನಾಸಮ್‌ನ ಅಕ್ಟೋಬರಿನ ಸಂಸ್ಕೃತಿ ಶಿಬಿರಕ್ಕೆ ಒಮ್ಮೆ ಹೋಗಿ ಬರಬೇಕು. ಅಲ್ಲಿ ಸಂಜೆ ನಾಟಕ ನೋಡಿದವರು ಮರುದಿನ ಬೆಳಗ್ಗೆ ಸೇರಿ ಅದರ ಬಗ್ಗೆ ಮಾತಾಡುತ್ತಾರೆ. ವಿಮರ್ಶಕರು ಹೇಳಿದ್ದನ್ನು ಮೇಷ್ಟರು ಒಪ್ಪದಿರಬಹುದು, ಮೇಷ್ಟರ ಮಾತಿಗೆ ಕಾಲೇಜು ಹುಡುಗಿ ಎದ್ದು ಪ್ರಶ್ನೆ ಕೇಳಬಹುದು.

2005ರ ಜುಲೈ 16ರಂದು ಸುಬ್ಬಣ್ಣ ತೀರಿಕೊಂಡರು. ಎಪ್ಪತ್ತಮೂರು ವರ್ಷದ ಬದುಕಿನಲ್ಲಿ ಐವತ್ತಾರು ವರ್ಷ ಸಂಘದ್ದು. ಮಲೆನಾಡಿನಲ್ಲಿ ಜುಲೈ ಎಂದರೆ ಜಡಿಮಳೆ, ನೆಟ್ಟಿಯ ಗದ್ದೆ, ಹೆಗ್ಗೋಡಿನಲ್ಲಿ ಹೊಸ ವಿದ್ಯಾರ್ಥಿಗಳು ಬಂದು ಸೇರುವ ಕಾಲ. ಮಳೆ ನಿಂತ ಮೇಲೆ ಆ ವರ್ಷವೂ ತಿರುಗಾಟ ಹೊರಟಿತು.