ನಿಮಗಿದು ಗೊತ್ತೆ? ಎಂಜಿನ್ನಿನ ತಾಳ ಕಾಯುವ ರಬ್ಬರ್ ಪಟ್ಟಿ

ಕಾರಿನ ಎಂಜಿನ್ನಿನೊಳಗೆ ಪಿಸ್ಟನ್ನುಗಳಿಂದ ತಿರುಗುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗಬೇಕು. ಎಷ್ಟೋ ಕಾರುಗಳಲ್ಲಿ ಈ ಲೆಕ್ಕ ಕಾಯುವುದು ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ. ಅದೇ ಟೈಮಿಂಗ್ ಬೆಲ್ಟ್. ಮೊದಲೆಲ್ಲ ಇದು ಚೈನು, ಗೇರುಗಳ ಕೆಲಸ. 1962ರಲ್ಲಿ ಜರ್ಮನಿಯ ಗ್ಲಾಸ್ 1004 ಕಾರು ಬೆಲ್ಟಿಗೆ ದಾರಿ ಮಾಡಿಕೊಟ್ಟಿತು. ನಮ್ಮ ಹಳೆಯ ಮಾರುತಿ 800ರಲ್ಲಿ ಇದ್ದದ್ದೂ ಬೆಲ್ಟೇ.

ಜ್ಯಾಕ್, ಸ್ಪ್ಯಾನರ್, ಸಾಕೆಟ್ ಸೆಟ್ ಇಟ್ಟುಕೊಂಡು ಮನೆಯಂಗಳದಲ್ಲೇ ಇದನ್ನು ಬದಲಿಸುವವರಿದ್ದಾರೆ. ಕಷ್ಟವಿರುವುದು ಬಿಚ್ಚುವುದರಲ್ಲಲ್ಲ, ಗುರುತು ಕೂಡಿಸುವುದರಲ್ಲಿ. ಹಳೆಯ ಬೆಲ್ಟ್ ತೆಗೆಯುವ ಮುನ್ನ ಕ್ರ್ಯಾಂಕ್, ಕ್ಯಾಮ್ ಎರಡರ ಪುಲ್ಲಿಗಳ ಗುರುತು ಹೊಂದಿಸಿ, ಬಿಳಿ ಪೇಂಟಿನ ಚುಕ್ಕೆ ಇಟ್ಟುಕೊಳ್ಳುತ್ತಾರೆ. ಒಂದೇ ಹಲ್ಲು ತಪ್ಪಿದರೂ ಎಂಜಿನ್ ಒರಟಾಗಿ ಓಡೀತು. ಹೆಚ್ಚು ತಪ್ಪಿದರೆ ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವುಗಳೇ ಬಾಗುತ್ತವೆ. ಕೂಲಿ ಉಳಿಸಿದ್ದೆಲ್ಲ ಹೆಡ್ ಬಿಚ್ಚಿಸುವ ಖರ್ಚಿಗೆ ಹೋಯಿತೆಂದೇ ಲೆಕ್ಕ!

ಅದಕ್ಕೇ ಬಲ್ಲವರು ಹೊಸ ಬೆಲ್ಟ್ ಕೂರಿಸಿದ ಕೂಡಲೇ ಕೀಲಿ ತಿರುಗಿಸುವುದಿಲ್ಲ. ಸ್ಪಾರ್ಕ್ ಪ್ಲಗ್ ತೆಗೆದು, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದವೇ ಎಂದು ನೋಡುತ್ತಾರೆ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಮೊದಲಿನಿಂದ ಹೊಂದಿಸುತ್ತಾರೆ.