ಅಂಬಾರಿಯ ಷರತ್ತು, ಅಭಿಮನ್ಯುವಿನ ಬೆನ್ನು

ಮೈಸೂರು ದಸರೆಯಲ್ಲಿ ಸುಮಾರು 750 ಕಿಲೋ ತೂಗುವ ಚಿನ್ನದ ಅಂಬಾರಿಯನ್ನು ಒಂದು ಕಾಲಕ್ಕೆ ದ್ರೋಣ ಹೊತ್ತ. ಆಮೇಲೆ ಬಲರಾಮ, 2012ರಿಂದ ಅರ್ಜುನ, 2020ರಿಂದ ಅಭಿಮನ್ಯು. ಆನೆ ಬದಲಾಯಿತು, ಷರತ್ತು ಬದಲಾಗಲಿಲ್ಲ: ಭಾರ ಹೊರಬೇಕು, ಮಾವುತನ ಮಾತು ಕೇಳಬೇಕು, ಕುಶಾಲತೋಪಿನ ಸದ್ದಿಗೆ ಬೆಚ್ಚಬಾರದು. ಈ ಷರತ್ತುಗಳ ಪಟ್ಟಿಗೆ ಸೊಂಡಿಲಿಲ್ಲ, ಕಬ್ಬು ಕೊಟ್ಟರೆ ಅದು ತಿನ್ನುವುದೂ ಇಲ್ಲ. ಸಾಫ್ಟ್‌ವೇರ್‌ ಮಂದಿ ಇಂಥ ಪಟ್ಟಿಯನ್ನು ಇಂಟರ್‌ಫೇಸ್ ಎನ್ನುತ್ತಾರೆ. ಅದನ್ನು ನಡೆಸಿಕೊಡುವ ಮೈ, ಕಾಲು, ಬಲದ ಪೂರ್ತಿ ವಿವರ ಕ್ಲಾಸ್. ಅಭಿಮನ್ಯು ಆ ವಿವರದಿಂದ ಹುಟ್ಟಿದ ಆಬ್ಜೆಕ್ಟ್.

ಹೆಬ್ಬಾಳದ ಇನ್ಫೊಸಿಸ್ ತರಬೇತಿ ಕೇಂದ್ರವಿರಲಿ, ಎನ್‌ಐಇ, ಎಸ್‌ಜೆಸಿಇ ಕಾಲೇಜುಗಳಿರಲಿ, ಮೈಸೂರಿನಲ್ಲಿ ಜಾವಾ ಕಲಿತವರಿಗೆ ಇಂಟರ್‌ಫೇಸ್, ಕ್ಲಾಸ್ ಇವೆರಡರ ವ್ಯತ್ಯಾಸ ಬಾಯಿಪಾಠ. ಸಂದರ್ಶನದಲ್ಲಿ ಕೇಳುತ್ತಾರಲ್ಲ! ಆದರೆ ಈ ವ್ಯತ್ಯಾಸ ಯಾಕೆ ಬೇಕಾಯಿತು ಎಂದು ಕೇಳುವವರು ಕಡಿಮೆ.

ಮೊದಲು ಬಂದದ್ದು ಕ್ಲಾಸ್. ನಾರ್ವೆಯ ಓಸ್ಲೊದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಲ್ಲಿ ಒಂದು ಕ್ಲಾಸ್ ಇನ್ನೊಂದರಿಂದ ಗುಣಗಳನ್ನು ಪಡೆಯಬಹುದಿತ್ತು. ಸಿ++ ಮುಂದೆ ಹೋಗಿ, ಒಂದಕ್ಕಿಂತ ಹೆಚ್ಚು ತಾಯಿ ಕ್ಲಾಸ್‌ಗಳಿಂದ ಪಡೆಯಲು ಬಿಟ್ಟಿತು. ತಾಯಂದಿರಿಬ್ಬರೂ ಒಂದೇ ಅಜ್ಜಿಯ ಮಕ್ಕಳಾದರೆ ಅಜ್ಜಿಯ ಆಸ್ತಿ ಮೊಮ್ಮಗುವಿಗೆ ಒಂದು ಪಾಲೋ ಎರಡೋ ಎಂಬ ತಕರಾರು ಶುರುವಾಯಿತು. 1995ರಲ್ಲಿ ಬಂದ ಜಾವಾ ಇದನ್ನು ಕಟ್ಟುನಿಟ್ಟಾಗಿ ಬಗೆಹರಿಸಿತು: ತಾಯಿ ಕ್ಲಾಸ್ ಒಂದೇ, ಇಂಟರ್‌ಫೇಸ್ ಎಷ್ಟಾದರೂ ಸರಿ. ಉಪಾಯ ಜಾವಾದ ಸ್ವಂತದ್ದಲ್ಲ; ಆಬ್ಜೆಕ್ಟಿವ್-ಸಿಯ ‘ಪ್ರೋಟೊಕಾಲ್’ನಿಂದ ಬಂದದ್ದು.

ಈ ವ್ಯತ್ಯಾಸವನ್ನು ಚಿತ್ರದಲ್ಲೂ ತೋರಿಸಬೇಕಲ್ಲ. 1997ರಲ್ಲಿ, ಸಾಫ್ಟ್‌ವೇರ್‌ ವಿನ್ಯಾಸವನ್ನು ಬಿಡಿಸುವ ಯುಎಂಎಲ್ ಎಂಬ ಚಿತ್ರಭಾಷೆಗೆ ಒಎಂಜಿ ಸಂಸ್ಥೆಯ ಮಾನ್ಯತೆ ಸಿಕ್ಕಿತು. ಅದರಲ್ಲಿ ಕ್ಲಾಸ್ ಒಂದು ಚೌಕ. ಇಂಟರ್‌ಫೇಸ್ ಕೂಡ ಚೌಕವೇ, ಹೆಸರಿನ ಮೇಲೊಂದು ಪುಟ್ಟ ಗುರುತು ಇರುತ್ತದೆ, ಅಷ್ಟೆ. ಕ್ಲಾಸ್‌ನಿಂದ ಕ್ಲಾಸ್‌ಗೆ ಹೋಗುವ ಬಾಣ ಅಖಂಡ ಗೆರೆ, ಇಂಟರ್‌ಫೇಸ್‌ಗೆ ಹೋಗುವುದು ತುಂಡು ಗೆರೆ. ಅಪೂರ್ಣ ಕ್ಲಾಸ್‌ನ ಹೆಸರನ್ನು ಓರೆ ಅಕ್ಷರದಲ್ಲಿ ಬರೆಯಬೇಕು. (ಬಿಳಿ ಬೋರ್ಡಿನ ಮೇಲೆ ಮಾರ್ಕರ್ ಹಿಡಿದು ಓರೆ ಅಕ್ಷರ ಬರೆದು ನೋಡಿ!) ನೋಡುವವರು ಮನುಷ್ಯರಾದರೆ ಗುರುತು ಬಿಟ್ಟುಹೋದರೂ ಊಹಿಸಿಕೊಳ್ಳುತ್ತಾರೆ.

2001ರಲ್ಲಿ ಅದೇ ಒಎಂಜಿ, ಚಿತ್ರದಿಂದಲೇ ಕೋಡ್ ಹುಟ್ಟಿಸೋಣ ಎಂದಿತು. ಆಗ ಚಿತ್ರ ಓದುವ ಕೆಲಸ ಜನರೇಟರ್ ಎಂಬ ತಂತ್ರಾಂಶದ್ದಾಯಿತು. ಅದಕ್ಕೆ ಊಹೆ ಬಾರದು. ಇಂಟರ್‌ಫೇಸ್ ಆಗಬೇಕಿದ್ದ ಚೌಕದಲ್ಲಿ ಗುರುತು ತಪ್ಪಿದರೆ ಕ್ಲಾಸ್ ಬರೆದುಕೊಡುತ್ತದೆ. ಅದನ್ನು ನಡೆಸಿಕೊಡಬೇಕಾದ ಇನ್ನೊಂದು ಚೌಕಕ್ಕೆ ಆಗಲೇ ಒಬ್ಬ ತಾಯಿ ಇದ್ದರೆ ಜಾವಾ ಕಂಪೈಲರ್ ಮುಂದೆ ಬಿಡುವುದಿಲ್ಲ.

ಎಕ್ಲಿಪ್ಸ್ ಎಂಬ ತಂತ್ರಾಂಶ ಬಳಗದ ಇಎಂಎಫ್ ಎಂಬ ಸಲಕರಣೆ ಈ ಇಕ್ಕಟ್ಟಿಗೆ ಜಾಣ ದಾರಿ ಹಿಡಿಯಿತು. ಮಾದರಿಯಲ್ಲಿ, ಅಂದರೆ ಚಿತ್ರದಲ್ಲಿ, ‘ಆನೆ’ ಎಂಬ ಒಂದು ಚೌಕ ಹಾಕಿದರೆ ಅದು ‘ಆನೆ’ ಎಂಬ ಇಂಟರ್‌ಫೇಸನ್ನೂ ‘ಆನೆಇಂಪ್ಲ್’ ಎಂಬ ಕ್ಲಾಸನ್ನೂ ಜೋಡಿಯಾಗಿ ಬರೆಯುತ್ತದೆ. ಮಾದರಿಯಲ್ಲಿ ಎಷ್ಟು ತಾಯಂದಿರಿದ್ದರೂ ಇಂಟರ್‌ಫೇಸ್ ಎಲ್ಲರನ್ನೂ ಒಪ್ಪುತ್ತದೆ. ಕ್ಲಾಸ್ ಮಾತ್ರ ಮೊದಲ ತಾಯಿಯನ್ನು ಹಿಡಿದು, ಉಳಿದವರ ಗುಣಗಳನ್ನು ತನ್ನಲ್ಲೇ ಹೊಸದಾಗಿ ಬರೆದುಕೊಳ್ಳುತ್ತದೆ. ‘ಇದು ಬರೀ ಇಂಟರ್‌ಫೇಸ್’ ಎಂದು ಮಾದರಿಯಲ್ಲಿ ಟಿಕ್ ಹಾಕಿದರೆ ಇಂಪ್ಲ್ ಹುಟ್ಟುವುದೇ ಇಲ್ಲ. ಕಡತಗಳು ದುಪ್ಪಟ್ಟಾಗುತ್ತವೆ ಎಂಬ ಗೊಣಗಾಟ ನ್ಯಾಯವಾದದ್ದೇ. ಆದರೂ ತಪ್ಪು ಗುರುತಿನಿಂದ ಆಗುವ ಅನಾಹುತಕ್ಕಿಂತ ಈ ದುಂದೇ ವಾಸಿ ಎಂದು ನನ್ನ ಲೆಕ್ಕ.

2014ರಲ್ಲಿ ಜಾವಾ 8, ಇಂಟರ್‌ಫೇಸಿನ ವಿಧಾನಗಳಿಗೂ (ಮೆಥಡ್) ಒಡಲು ಬರೆಯಬಹುದು ಎಂದದ್ದೇ ಹಳೆಯ ಬಾಯಿಪಾಠ ಅರ್ಧ ಕೆಟ್ಟಿತು. ಉಳಿದ ಗಟ್ಟಿ ವ್ಯತ್ಯಾಸ ನೆನಪಿನದು: ಆಬ್ಜೆಕ್ಟಿನ ತೂಕ, ವಯಸ್ಸು ಇತ್ಯಾದಿ ಬದಲಾಗುವ ಮೌಲ್ಯಗಳನ್ನು ಜಾವಾ ಇಂಟರ್‌ಫೇಸ್ ಇಟ್ಟುಕೊಳ್ಳಲಾರದು. ಯುಎಂಎಲ್ 2 ಆದರೋ ಇಂಟರ್‌ಫೇಸಿನ ಚೌಕದೊಳಗೆ ‘ತೂಕ’ ಎಂದು ಬರೆಯಲು ಒಪ್ಪುತ್ತದೆ. ಹಾಗಾಗಿ ಜನರೇಟರ್ ಅದನ್ನು ‘ತೂಕ ಕೊಡು’, ‘ತೂಕ ಬದಲಿಸು’ ಎಂಬ ಎರಡು ವಿಧಾನಗಳಾಗಿ ಇಂಟರ್‌ಫೇಸಿನಲ್ಲಿ ಬರೆದು, ಸಂಖ್ಯೆಯನ್ನು ಇಡುವ ಹೊಣೆಯನ್ನು ಕ್ಲಾಸಿಗೆ ಹೊರಿಸುತ್ತದೆ.