ಬೋಲ್ಟ್ ಹಾಕಿ ಮರ ಹತ್ತಲು ಕೈಬೈರಿಗೆ: ಯಾವುದು ಸೂಕ್ತ, ಯಾವ ಮರಕ್ಕೆ ಸಲ್ಲದು?

ಅಮೆರಿಕದ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೊದಲಾದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಮುನ್ನ ಬಿಳಿಬಾಲದ ಜಿಂಕೆಯ ಬೇಟೆ ಆರಂಭವಾಗುತ್ತದೆ. ಪರವಾನಗಿ ಪಡೆದು ಬಿಲ್ಲುಬಾಣದಿಂದ ಬೇಟೆಯಾಡುವವರಲ್ಲಿ ಅನೇಕರು 15ರಿಂದ 20 ಅಡಿ ಎತ್ತರದಲ್ಲಿ ಮರದ ಮೇಲೆ ಕುಳಿತು ಗಂಟೆಗಟ್ಟಲೆ ಕಾಯುತ್ತಾರೆ. ಎತ್ತರದಲ್ಲಿದ್ದರೆ ಜಿಂಕೆಯ ಕಣ್ಣಿಗೆ ಬೀಳುವುದು ಕಡಿಮೆ, ಮನುಷ್ಯನ ವಾಸನೆ ಅದರ ಮೂಗಿಗೆ ತಟ್ಟುವುದೂ ಕಡಿಮೆ.

ಮರ ಹತ್ತಲು ಅವರಲ್ಲಿ ಏಣಿಗಳಿವೆ, ಪಟ್ಟಿಯಿಂದ ಬಿಗಿಯುವ ಮೆಟ್ಟಿಲುಗಳಿವೆ. ಹಗುರವೂ ಅಗ್ಗವೂ ಆದ ಇನ್ನೊಂದು ಉಪಾಯ ಬೋಲ್ಟ್. ಕಾಂಡಕ್ಕೆ ಅಡಿಗೊಂದೋ ಒಂದೂವರೆ ಅಡಿಗೊಂದೋ ತೂತು ಕೊರೆದು, ಬೋಲ್ಟ್ ತೂರಿಸಿ, ಅದನ್ನೇ ಮೆಟ್ಟಿಲಾಗಿಸಿ ಹತ್ತುತ್ತಾರೆ. ಇಳಿಯುವಾಗ ಬೋಲ್ಟ್ ಎಳೆದು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ವಿಚಾರ ಹೊಸದಲ್ಲ. ಬೋರ್ನಿಯೋದ ಡಯಾಕ್ ಜನರು ಬಿದಿರಿನ ಗೂಟಗಳನ್ನು ಕಾಂಡಕ್ಕೆ ಹೊಡೆದು ಎತ್ತರದ ಮರ ಹತ್ತುವುದನ್ನು ಆಲ್ಫ್ರೆಡ್ ರಸೆಲ್ ವಾಲೇಸ್ 1869ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

ಈ ವಿಧಾನದಲ್ಲಿ ಜೀವ ನಿಂತಿರುವುದು ತೂತಿನ ಮೇಲೆ. ತೂತು ಸಡಿಲವಾದರೆ ಬೋಲ್ಟ್ ಅಲುಗಾಡುತ್ತದೆ, ಆಳ ಸಾಲದಿದ್ದರೆ ಕಿತ್ತು ಬರುತ್ತದೆ. ಆದ್ದರಿಂದ ಬೈರಿಗೆಯನ್ನು ಆರಿಸುವಾಗ ಎಷ್ಟು ಬೇಗ ಕೊರೆಯುತ್ತದೆ ಎನ್ನುವುದಕ್ಕಿಂತ ಎಷ್ಟು ನೇರವಾಗಿ, ಬಿಗಿಯಾಗಿ ಕೊರೆಯುತ್ತದೆ ಎನ್ನುವುದೇ ಮುಖ್ಯ.

ಮೊದಲು ಬೋಲ್ಟ್, ಆಮೇಲೆ ಬೈರಿಗೆ

ಬೋಲ್ಟಿನ ದಪ್ಪ ತೀರ್ಮಾನವಾದ ಮೇಲಷ್ಟೇ ಬೈರಿಗೆಯ ಮಾತು. ದುಂಡು ಸರಳಿನ ಬಾಗುವಿಕೆ ತಡೆಯುವ ಶಕ್ತಿ ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. ಒಂದೇ ಬಗೆಯ ಉಕ್ಕಿನಲ್ಲಿ ಅರ್ಧ ಇಂಚಿನ ಬೋಲ್ಟ್ ಮೂರೆಂಟಾಂಶ (3/8) ಇಂಚಿನದಕ್ಕಿಂತ ಸುಮಾರು 2.4 ಪಟ್ಟು ಬಲವಾಗಿರುತ್ತದೆ. ಕಾಲು ಇಡುವ ಜಾಗವೂ ಮುಖ್ಯ. ತೊಗಟೆಯಿಂದ 1 ಇಂಚು ದೂರದಲ್ಲಿ ಕಾಲಿಡುವುದಕ್ಕೂ 3 ಇಂಚು ದೂರದಲ್ಲಿ ಇಡುವುದಕ್ಕೂ ಬೋಲ್ಟಿನ ಬುಡದ ಮೇಲಿನ ಒತ್ತಡ ಮೂರು ಪಟ್ಟು ಹೆಚ್ಚುತ್ತದೆ.

ಬೋಲ್ಟಿನ ತಲೆಯ ಮೇಲಿನ ಗುರುತನ್ನು ನೋಡಿ ಕೊಳ್ಳಬೇಕು. ಅಮೆರಿಕದಲ್ಲಿ ಆರು ಗೆರೆಗಳಿದ್ದರೆ ಗ್ರೇಡ್ 8, ಮೂರು ಗೆರೆಗಳಿದ್ದರೆ ಗ್ರೇಡ್ 5. ಮಿಲಿಮೀಟರ್ ಅಳತೆಯ ಬೋಲ್ಟಿನಲ್ಲಿ 8.8, 10.9 ಎಂಬ ಅಂಕಿಗಳಿರುತ್ತವೆ. ಗುರುತೇ ಇಲ್ಲದ ಬೋಲ್ಟಿನ ಮೇಲೆ ಮೈಭಾರ ಹಾಕಬಾರದು. ಮರೆ ಇರುವ ಭಾಗ ಸಣ್ಣದಾದ್ದರಿಂದ ಬಲ ಕಡಿಮೆ. ಆದ್ದರಿಂದ ತೊಗಟೆಯ ಮಟ್ಟದಲ್ಲಿ ಮರೆಯಿಲ್ಲದ ನುಣುಪು ಭಾಗ ಬರುವಂತಿರಬೇಕು.

ಕೈಬೈರಿಗೆಯ ಬಗೆಗಳು

ಹಲ್ಲುಚಕ್ರದ ಕೈಡ್ರಿಲ್: ಪಕ್ಕದ ಹಿಡಿ ತಿರುಗಿಸಿದರೆ ಮುಂದಿನ ಬಿಟ್ ವೇಗವಾಗಿ ತಿರುಗುತ್ತದೆ. ವೇಗ ಹೆಚ್ಚಿದಷ್ಟು ತಿರುಚುವ ಬಲ ಕಡಿಮೆ. ಸಣ್ಣ ತೂತಿಗೆ ಇದು ಚೆನ್ನ. ಗಟ್ಟಿ ಮರದಲ್ಲಿ ಅರ್ಧ ಇಂಚಿನ ತೂತಿಗೆ ಇದನ್ನು ನಂಬಿ ಹೊರಟರೆ ಕೈಸೋಲುತ್ತದೆ.

ಎದೆಡ್ರಿಲ್: ಎದೆಗೆ ಒತ್ತಿ ಹಿಡಿದು ತಿರುಗಿಸುವಂಥದ್ದು. ದಪ್ಪ ಬಿಟ್ ಹಿಡಿಯುತ್ತದೆ. ಆದರೆ ತೂಕ ಹೆಚ್ಚು. ಮರದಲ್ಲಿ ಪಟ್ಟಿಗೆ ಜೋತುಕೊಂಡವನು ಎದೆಯಿಂದ ಒತ್ತಿದರೆ ಅವನ ಮೈಯೇ ಹಿಂದಕ್ಕೆ ಸರಿಯುತ್ತದೆ.

ಬ್ರೇಸ್: ಹಳೆಯ ಬಡಗಿಗಳ ಕೈಯಲ್ಲಿ ಇದ್ದ, ನಡುವೆ ಕೊಕ್ಕೆಯಂತೆ ಬಾಗಿದ ಬೈರಿಗೆ. ಹಿಡಿ ದೊಡ್ಡ ಸುತ್ತು ಹಾಕುವುದರಿಂದ ಬಲ ಬಹಳ. 10 ಇಂಚಿನ ಸುತ್ತಿನದು ಈ ಕೆಲಸಕ್ಕೆ ಸಾಕು. ರಾಚೆಟ್ ಇರುವುದನ್ನೇ ಆರಿಸಬೇಕು. ಕೊಂಬೆಯೋ ಮೊಣಕಾಲೋ ಅಡ್ಡ ಬಂದಾಗ ಪೂರ್ತಿ ಸುತ್ತು ಹಾಕದೆ ಹಿಂದೆ ಮುಂದೆ ಆಡಿಸಿಯೇ ಕೊರೆಯಬಹುದು.

ಟಿ-ಹಿಡಿಯ ಬೈರಿಗೆ: ಉದ್ದ ಬಿಟ್ಟಿಗೆ ಅಡ್ಡ ಹಿಡಿ ಸೇರಿಸಿದ ಸರಳ ಸಾಧನ. ಹಗುರ, ಕೆಡುವ ಭಾಗವೇ ಇಲ್ಲ, ಸದ್ದಿಲ್ಲ. ಅರ್ಧ ಸುತ್ತಿಗೊಮ್ಮೆ ಕೈ ಬದಲಿಸಬೇಕಾದ್ದರಿಂದ ನಿಧಾನ.

ಬೇಟೆಯ ದಿನಗಳಿಗೆ ಮೊದಲೇ ಒಂದೆರಡು ಮರಗಳನ್ನು ಸಿದ್ಧಪಡಿಸಿ, ಆಮೇಲೆ ಬೋಲ್ಟ್ ಮಾತ್ರ ಒಯ್ಯುವವರಿಗೆ ಬ್ರೇಸ್ ಒಳ್ಳೆಯದು. ದಿನಕ್ಕೊಂದು ಮರ ಹುಡುಕುತ್ತ ಮೈಲಿಗಟ್ಟಲೆ ನಡೆಯುವವರಿಗೆ ಟಿ-ಹಿಡಿಯದೋ, ಮಡಚಿ ಚೀಲದಲ್ಲಿಡುವ ಚಿಕ್ಕ ಕೈಹಿಡಿಯ ಬೈರಿಗೆಯೋ ಅನುಕೂಲ.

ಬಿಟ್ಟಿನ ಮೂತಿ ನೋಡಿ

ಬೈರಿಗೆಯಷ್ಟೇ ಮುಖ್ಯವಾದುದು ಬಿಟ್. ಮೂತಿಯಲ್ಲಿ ತಿರುಪು ಇರುವ ಆಗರ್ ಬಿಟ್ ತಾನಾಗಿಯೇ ಮರದೊಳಕ್ಕೆ ಎಳೆದುಕೊಂಡು ಹೋಗುತ್ತದೆ, ಒತ್ತುವ ಶ್ರಮ ಕಡಿಮೆ. ಅದರ ಅಗಲವಾದ ಸುರುಳಿ ಹಸಿ ಮರದ ಒದ್ದೆ ಪುಡಿಯನ್ನು ಹೊರಗೆ ತರುತ್ತದೆ. ಕಬ್ಬಿಣ ಕೊರೆಯುವ ಬಿಟ್ ಹಸಿ ಮರದಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಚಪ್ಪಟೆ ಬಿಟ್‌ಗೆ ವಿದ್ಯುತ್ ಡ್ರಿಲ್ಲಿನ ವೇಗ ಬೇಕು, ಕೈಗೆ ಅದು ಆಗದು.

ಬಿಟ್ಟಿನ ಅಳತೆ ಬೋಲ್ಟಿನ ಅಳತೆಗೆ ಸರಿಯಾಗಿರಬೇಕು. ಬೋಲ್ಟ್ ತಯಾರಕರು ಹೇಳಿದ ಆಳಕ್ಕೆ ಬಿಟ್ಟಿನ ಮೇಲೆ ಟೇಪ್ ಸುತ್ತಿಕೊಂಡರೆ ಪ್ರತಿ ತೂತೂ ಒಂದೇ ಆಳಕ್ಕೆ ಬರುತ್ತದೆ. ಬೋಲ್ಟಿನ ತಲೆ ತುಸು ಮೇಲಕ್ಕೆ ನಿಲ್ಲುವಂತೆ ಒಳಮುಖವಾಗಿ ಸ್ವಲ್ಪ ಇಳಿಜಾರಾಗಿ ಕೊರೆಯಬೇಕು. ಇಲ್ಲವಾದರೆ ಕಾಲಿನ ಭಾರಕ್ಕೆ ಬೋಲ್ಟ್ ಹೊರಗೆ ಜಾರಬಹುದು. ಎರಡೂ ಕೈ ಬೈರಿಗೆಯಲ್ಲಿ ಇರುವುದರಿಂದ ಮೈಗೆ ಹಾರ್ನೆಸ್, ಕಾಂಡದ ಸುತ್ತ ಸೊಂಟದ ಹಗ್ಗ ನೆಲ ಬಿಡುವ ಮೊದಲೇ ಇರಬೇಕು. ಬೈರಿಗೆಗೂ ಒಂದು ದಾರ ಕಟ್ಟಿರಬೇಕು.

ಮರವೂ ಕಾನೂನೂ

ಒಣಗಿದ, ಪೊಳ್ಳಾದ ಮರ ಬೋಲ್ಟ್ ಹಿಡಿಯುವುದಿಲ್ಲ. ಮಿಷಿಗನ್‌ನಲ್ಲಿ 2002ರಲ್ಲಿ ಪತ್ತೆಯಾದ ಪಚ್ಚೆ ಬಣ್ಣದ ದುಂಬಿಯಿಂದ ಅಲ್ಲಿ ಕೋಟ್ಯಂತರ ಆ್ಯಷ್ ಮರಗಳು ಸತ್ತಿವೆ. ಅಂಥ ಮರ ಹತ್ತುವುದು ಅಪಾಯ. ಜೀವಂತ ಮರದಲ್ಲೂ ತೂತು ಗಾಯವೇ. ಮರ ಗಾಯವನ್ನು ಮಾಯಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಮುಚ್ಚುತ್ತದೆ ಎಂದು ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೊ ತೋರಿಸಿಕೊಟ್ಟರು. ಹಳೆಯ ತೂತನ್ನು ಮರು ವರ್ಷ ಬಳಸುವ ಮೊದಲು ಒಳಗೆ ಕೊಳೆತಿದೆಯೇ ಎಂದು ಪರೀಕ್ಷಿಸಬೇಕು. ಬೋಲ್ಟ್ ಮರದಲ್ಲೇ ಉಳಿದರೆ ಮುಂದೆ ಮರದ ಮಿಲ್ಲಿನ ಗರಗಸ ಮುರಿಯುತ್ತದೆ.

ಇದೇ ಕಾರಣಕ್ಕೆ ಅಮೆರಿಕದ ರಾಷ್ಟ್ರೀಯ ವನ್ಯಜೀವಿ ಆಶ್ರಯಧಾಮಗಳಲ್ಲಿ ಬೇಟೆಗಾರನ ಆಧಾರಕ್ಕೆಂದು ಮರಕ್ಕೆ ಮೊಳೆ, ತಿರುಪು, ಬೋಲ್ಟ್ ಹಾಕುವುದು ನಿಷಿದ್ಧ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಬೇಕು.

ನಮ್ಮ ತೋಟಗಳಲ್ಲಿ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬೇಟೆಗೆ ನಿಷೇಧವಿದೆ. ಬೆಳೆ ಹಾಳು ಮಾಡುವ ಕಾಡುಹಂದಿಯ ವಿಷಯದಲ್ಲಿ ಆದೇಶ ನೀಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಅದು ಯಾರು ಬೇಕಾದರೂ ಬೇಟೆಯಾಡಬಹುದೆಂಬ ಅನುಮತಿಯಲ್ಲ.

ಬೇಟೆ ಬಿಟ್ಟು, ಕೊಯ್ಲಿಗಾಗಿ ಈ ಉಪಾಯ ಬಳಸಬಹುದಲ್ಲ ಎಂದು ಕೃಷಿಕರಿಗೆ ಅನ್ನಿಸಬಹುದು. ಅಡಿಕೆ, ತೆಂಗಿಗೆ ಇದು ಖಂಡಿತ ಸಲ್ಲದು. ತಾಳೆ ಜಾತಿಯ ಈ ಮರಗಳಲ್ಲಿ ಓಕ್, ಮೇಪಲ್‌ಗಳಂತೆ ಗಾಯದ ಮೇಲೆ ಹೊಸ ಮರ ಬೆಳೆದು ಮುಚ್ಚುವ ವ್ಯವಸ್ಥೆ ಇಲ್ಲ. ಕೊರೆದ ತೂತು ಮರ ಇರುವವರೆಗೂ ತೂತೇ. ತೆಂಗಿನ ಗಾಯದ ವಾಸನೆಗೆ ಕೆಂಪುಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ತೆಂಗಿನ ಕಾಂಡದಲ್ಲಿ ಹತ್ತಲು ಮೆಟ್ಟಿಲು ಕೊಚ್ಚಬಾರದು ಎಂದು ಕೃಷಿ ತಜ್ಞರು ಹೇಳುವುದೂ ಇದಕ್ಕೇ.

ಕಾಸರಗೋಡಿನ ತೋಟಗಳಲ್ಲಿ ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುವವರೂ, ಯಂತ್ರ ಕಟ್ಟಿ ತೆಂಗು ಹತ್ತುವವರೂ ಕಾಂಡವನ್ನು ತಬ್ಬಿ ಏರುತ್ತಾರೆ, ಕೊರೆದು ಏರುವುದಿಲ್ಲ. ತಾಳೆ ಜಾತಿಯ ಮರಕ್ಕೆ ಆ ದಾರಿಯೇ ಸರಿ. ಅಲ್ಲಿ ಬೈರಿಗೆಗೆ ಕೆಲಸವಿಲ್ಲ.